ನೀಲಿ ಬಕೆಟ್ಟಿನ ಜೋಗುಳ

ಜನ ಅವನನ್ನು ಕರೆಯುತ್ತಿದ್ದುದೇ ಏಳುವಾದ್ಯ ಎಂದು. ಬೆನ್ನಿಗೆ ಡೋಲು, ಕೊರಳಿಗೆ ಮೌತ್ ಆರ್ಗನ್, ಕೈಯಲ್ಲಿ ಗಿಟಾರ್, ಕಾಲಿಗೆ ಗೆಜ್ಜೆ. ಉಳಿದ ಮೂರು ಚೀಲದಲ್ಲಿ. ಕಲೆಯ ಹಸಿವಿನಿಂದ ಇಷ್ಟೆಲ್ಲ ಕಲಿತ ಎಂದು ಪತ್ರಿಕೆಯವರು ಬರೆದರು. ನಿಜ ಹೇಳಬೇಕೆಂದರೆ, ಅವನ ಮುಂಗೋಪ ತಾಳಲಾರದೆ ಜೊತೆಯವರು ಒಬ್ಬೊಬ್ಬರಾಗಿ ಕೈಕೊಟ್ಟರು; ಒಬ್ಬೊಬ್ಬ ಹೋದಾಗಲೂ ಅವನು ಒಂದೊಂದು ವಾದ್ಯ ಕಲಿತ.

ಹಾಡುಗಳನ್ನು ತಾನೇ ಕಟ್ಟುತ್ತಿದ್ದ. ಮೊದಲ ಕಾರ್ಯಕ್ರಮದಲ್ಲಿ, ಇದು ನಾನೇ ಬರೆದದ್ದು ಎಂದ. ಜನ ಟೀ ಕುಡಿಯಲು ಎದ್ದರು. ಮರುವಾರ ಅದೇ ಹಾಡನ್ನು, ಮುನ್ನೂರು ವರ್ಷ ಹಳೆಯದು, ನಮ್ಮ ಮುತ್ತಜ್ಜಿಯ ಬಾಯಿಂದ ಬಂದದ್ದು ಎಂದು ಹಾಡಿದ. ಅದೇ ಜನ ಕಣ್ಣು ಮುಚ್ಚಿ ತಲೆದೂಗಿದರು. ಅಂದಿನಿಂದ ಇಲ್ಲದ ಮುತ್ತಜ್ಜಿಯೇ ಅವನ ಅನ್ನದಾತೆ. ಮಗಳೂ ಅದನ್ನೇ ನಂಬಿ ಬೆಳೆದಳು. ಹೆಂಡತಿಗೆ ಮಾತ್ರ ಗುಟ್ಟು ಗೊತ್ತಿತ್ತು.

ಮೂವತ್ತು ವರ್ಷದ ಮೇಲೆ ಪ್ರೊಫೆಸರೊಬ್ಬರು ಆ ಹಾಡುಗಳನ್ನು ಪುಸ್ತಕ ಮಾಡುತ್ತೇನೆಂದು ಬಂದರು. ಏಳುವಾದ್ಯನಿಗೆ ಒಂದೇ ಆಸೆ: ಉಳಿದವೆಲ್ಲ ಅಜ್ಜಿಯ ಪಾಲಿಗಿರಲಿ, ಜೋಗುಳವೊಂದರ ಕೆಳಗೆ ತನ್ನ ಹೆಸರು ಬರಲಿ. ಮಗಳು ಹಸುಗೂಸಾಗಿದ್ದಾಗ, ಬಾಡಿಗೆ ಕೋಣೆಯ ಸೂರು ಸೋರುವಾಗ, ಕೆಳಗಿಟ್ಟ ಬಕೆಟ್ಟಿಗೆ ಬೀಳುವ ಹನಿಯ ಸದ್ದಿಗೆ ಕಟ್ಟಿದ ಹಾಡು ಅದು. ‘ನೀಲಿ ಬಕೆಟ್ಟು ತಾಳ ಹಾಕುತಿದೆ, ಮಲಗು ಮಗಳೇ’ ಎಂಬುದು ಅದರ ಪಲ್ಲವಿ.

ಪಲ್ಲವಿ ಕೇಳಿದ ಪ್ರೊಫೆಸರು ಕನ್ನಡಕ ತೆಗೆದರು. ಮುನ್ನೂರು ವರ್ಷದ ಹಿಂದೆ ಬಕೆಟ್ಟು ಎಲ್ಲಿತ್ತು? ಯಾರೋ ತಿಳಿಗೇಡಿ ತುರುಕಿದ್ದು. ಮೂಲದಲ್ಲಿ ‘ಬೆಳ್ಳಿ ಬಟ್ಟಲು’ ಎಂದೇ ಇದ್ದಿರಬೇಕು ಎಂದು ತೀರ್ಪು ಕೊಟ್ಟರು.

"ಆ ಹಾಡು ನಂದೇ ಸಾರ್. ಅಜ್ಜಿ ಗಿಜ್ಜಿ ಯಾರೂ ಇಲ್ಲ," ಎಂದ ಏಳುವಾದ್ಯ, ತಲೆ ತಗ್ಗಿಸಿ.

ಪ್ರೊಫೆಸರು ಅವನ ಹೆಗಲು ತಟ್ಟಿದರು. ಹಾಡಿ ಹಾಡಿ ಎಲ್ಲ ಜನಪದ ಕಲಾವಿದರಿಗೂ ಹಾಗೇ ಅನ್ನಿಸುತ್ತದೆ, ಅದೇ ಪರಂಪರೆಯ ಶಕ್ತಿ ಎಂದರು. ಮುನ್ನುಡಿಗೆ ಬೇಕೆಂದು ಆ ಮಾತನ್ನೂ ಬರೆದುಕೊಂಡರು.

ಮನೆಗೆ ಬಂದು ಹೆಂಡತಿಯೆದುರು ಹಾರಾಡಿದ. ಅವಳು ಬಟ್ಟೆ ಮಡಚುತ್ತಲೇ ಹೇಳಿದಳು: "ಹುಟ್ಟಿಸಿದ್ದು ನೀವು. ಈಗ ಸಾಯಿ ಅಂದ್ರೆ ಅಜ್ಜಿ ಸಾಯ್ತಾಳಾ?"

ಪುಸ್ತಕ ಬಂತು. ಜೋಗುಳದ ಕೆಳಗೆ ‘ಕರ್ತೃ: ಅಜ್ಞಾತ’. ಕೂಸಿನೊಂದಿಗೆ ಬಂದಿದ್ದ ಮಗಳು ಪುಸ್ತಕ ತೆರೆದಿಟ್ಟುಕೊಂಡು ಹಾಡಿ ಮಲಗಿಸುತ್ತಿದ್ದಳು. ಏಳುವಾದ್ಯ ಬಾಗಿಲಲ್ಲಿ ನಿಂತು ಕೇಳಿದ. ಬೆಳ್ಳಿ ಬಟ್ಟಲು ಎಂದೇ ಹಾಡಿದಳು.

"ಬಕೆಟ್ಟು ಕಣಮ್ಮ," ಎಂದ.

"ಇಲ್ಲಪ್ಪ, ಮುತ್ತಜ್ಜಿ ಹಾಡಿದ್ದು ಹೀಗಂತೆ. ಇಷ್ಟು ವರ್ಷ ನೀನೇ ತಪ್ಪು ಹಾಡ್ತಿದ್ದೆ."

ಹೇಳಿಬಿಡೋಣವೆಂದು ಬಾಯಿ ತೆರೆದ. ಮಗಳ ಮುಖದಲ್ಲಿ ಮುತ್ತಜ್ಜಿಯ ಮೇಲಿನ ಹೆಮ್ಮೆ ಕಂಡು ಮುಖ ತಿರುಗಿಸಿಕೊಂಡ. ಏಳು ವಾದ್ಯ ನುಡಿಸುವವನಿಗೆ ಒಂದು ನಿಜ ನುಡಿಯಲಾಗಲಿಲ್ಲ, ಅಳು ಬಂತು.

ಒಗೆದ ಬಟ್ಟೆ ತುಂಬಿದ ಬಕೆಟ್ಟನ್ನು ಹೊತ್ತು ಹೆಂಡತಿ ಒಳಗೆ ಬಂದಳು. ನೀಲಿ ಬಣ್ಣ ಮಾಸಿತ್ತು, ಮುರಿದ ಹಿಡಿಯ ಬದಲು ಹಗ್ಗ. ಅದನ್ನು ಮಗಳ ಮುಂದೆ ಇಳಿಸಿದಳು.

"ಬೆಳ್ಳಿ ಬಟ್ಟಲು ಇದ್ದಿದ್ರೆ ನಮ್ಮ ಸೂರು ಯಾಕೆ ಸೋರ್ತಿತ್ತು?" ಎಂದಳು.

ಮಗಳು ಹಾಡು ನಿಲ್ಲಿಸಿ ಬಕೆಟ್ಟನ್ನು ನೋಡಿದಳು, ಆಮೇಲೆ ಅಪ್ಪನನ್ನು. ಪುಸ್ತಕ ಮುಚ್ಚಿ, ಮೊದಲಿಂದ ಶುರುಮಾಡಿದಳು.