ಸಕ್ಕರೆ ಮುಟ್ಟದ ಇರುವೆಗಳು

ಇರುವೆಗೆ ಸಕ್ಕರೆ ಹಾಕಿ, ಅದು ಮೂಸಿಯೂ ನೋಡದೆ ಹೋದರೆ ನೀವೇನು ಮಾಡುತ್ತೀರಿ? ನಮ್ಮತ್ತೆ ಅತ್ತುಬಿಟ್ಟರು.

ವಿಷಯ ಇಷ್ಟು. ನಮ್ಮನೆಯವರ ಕೆಲಸ ಹೋಗಿದೆ. ವೀಸಾ ಗಡುವಿನೊಳಗೆ ಬೇರೆ ಕೆಲಸ ಸಿಗದಿದ್ದರೆ ಕ್ಯಾಲಿಫೋರ್ನಿಯಾದ ಸ್ಯಾನ್ ರಮೋನಿನ ಮನೆ ಖಾಲಿ ಮಾಡಿ ದೇಶ ಬಿಡಬೇಕು. ಎಲ್ಲಾ ಶನಿಕಾಟ ಅನ್ನುವುದು ಮಂಡ್ಯದಿಂದ ಬಂದಿರುವ ಅತ್ತೆಯ ತೀರ್ಮಾನ. ಪರಿಹಾರ, ಶನಿವಾರ ಶನಿವಾರ ಇರುವೆಗೆ ಸಕ್ಕರೆ. (ಅಪಾರ್ಟ್‌ಮೆಂಟಿನ ಬಾಗಿಲಲ್ಲಿ ಹಾಕಿ, ಪಕ್ಕದವರ ಕಂಪ್ಲೇಂಟು ಬಂದು, ಅದೂ ನಿಂತಿತ್ತು.)

ಕಳೆದ ಶನಿವಾರ ದಕ್ಷಿಣ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿದ್ದೆವು. ಕೆಲಸ ಹೋಗುವ ಮೊದಲೇ ಬುಕ್ ಆಗಿದ್ದ ಟ್ರಿಪ್ಪು. ಹೊತ್ತು ಮುಳುಗುವಾಗ ಕಲ್ಲಿನ ಸಂದಿಯಿಂದ ಇರುವೆ ಸಾಲು ಹೊರಟಿತು. ಅತ್ತೆ ಬ್ಯಾಗಿನಿಂದ ಡಬ್ಬಿ ತೆಗೆದು ಸಕ್ಕರೆ ಚೆಲ್ಲಿದರು. ಸಾಲು ಅದರ ಮೇಲೇ ಹತ್ತಿ ಇಳಿದು ಹೋಯಿತು. ಒಂದು ಹರಳೂ ಕದಲಲಿಲ್ಲ.

"ನಮ್ ಕೈ ಸಕ್ರೆ ಇರುವೆಗೂ ಬ್ಯಾಡ್ವಾಯ್ತಲ್ಲವ್ವ," ಅಂದರು ಅತ್ತೆ. ಕಣ್ಣಲ್ಲಿ ನೀರು.

ಮಗಳು ನಿಧಿ (ಏಳನೇ ಕ್ಲಾಸು, ಹುಳಹುಪ್ಪಟೆ ಹುಚ್ಚು) ಭೂತಗನ್ನಡಿ ಹಿಡಿದು ಬಗ್ಗಿದಳು. "ಅಜ್ಜಿ, ದೀಸ್ ಆರ್ ಆರ್ಮಿ ಆಂಟ್ಸ್. ದೇ ಡೋಂಟ್ ಈಟ್ ಶುಗರ್."

ನಾನೂ ನೋಡಿದೆ. ಅಕ್ಕಿಕಾಳಿಗಿಂತ ಚಿಕ್ಕ ಮೈ. ಕೆಂಪು ಮಿಶ್ರಿತ ಕಂದು, ಎಣ್ಣೆ ಸವರಿದ ಹಾಗೆ ಮಿರುಗು. ಸೊಂಟದಲ್ಲಿ ಎರಡು ಗಂಟು. ಕಣ್ಣು? ಇರಬೇಕಾದ ಜಾಗದಲ್ಲಿ ಸೂಜಿಮೊನೆಯಷ್ಟು ಚುಕ್ಕೆ. ಮುಂದಿನವಳ ವಾಸನೆ ಹಿಡಿದು ನಡೆಯುವುದೊಂದೇ ಗೊತ್ತಂತೆ. ತಿನ್ನುವುದು ಬೇರೆ ಇರುವೆಗಳ ಮರಿಗಳನ್ನು. ಖಾಯಂ ಗೂಡೂ ಇಲ್ಲ. ತಮ್ಮ ಮರಿಗಳನ್ನು ಬಾಯಲ್ಲಿ ಕಚ್ಚಿ, ಹೊಟ್ಟೆಯಡಿ ಇಳಿಬಿಟ್ಟುಕೊಂಡು ಇನ್ನೊಂದು ಕಡೆ ಹೊರಟುಬಿಡುತ್ತವೆ. ಇಷ್ಟನ್ನೂ ನಿಧಿ ಇಂಗ್ಲಿಷಿನಲ್ಲೇ ಹೇಳಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ.

ಅಷ್ಟರಲ್ಲಿ ಸಿಗ್ನಲ್ ಹುಡುಕಿಕೊಂಡು ಬಂಡೆ ಹತ್ತಿದ್ದ ನಮ್ಮನೆಯವರು ಇಳಿದು ಬಂದರು. ಉಳಿದಿದ್ದ ಒಂದೇ ಒಂದು ಇಂಟರ್‌ವ್ಯೂನ ರಿಸಲ್ಟು ಮೇಲ್‌ನಲ್ಲಿ ಬಂದಿತ್ತು.

"ಆಗ್ಲಿಲ್ಲ ಕಣೇ. ಟಿಕೆಟ್ ನೋಡೋಣ ಇನ್ನ."

ಸಮಾಧಾನ ಹೇಳೋಣವೆಂದರೆ, ಏನಂತ ಹೇಳುವುದು? ಎಲ್ಲ ಸರಿ ಹೋಗುತ್ತೆ ಅಂತಲೇ? ಇನ್ನೇನು ಉಳಿದಿದೆ ಸರಿ ಹೋಗಲಿಕ್ಕೆ?

ನಿಧಿ ಎದ್ದು ನಿಂತಳು. ಇದೇ ದೇಶದಲ್ಲಿ ಹುಟ್ಟಿದವಳು. ಅವಳ ಸ್ಕೂಲು, ಗೆಳತಿಯರು, ಲೋಕವೆಲ್ಲ ಇಲ್ಲಿಯದೇ. ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ತಡವರಿಸುತ್ತಾ, ಒಂದೊಂದೇ ಪದ ಜೋಡಿಸಿ ಕನ್ನಡದಲ್ಲಿ ಕೇಳಿದಳು. "ಅಮ್ಮಾ, ನನ್ನ ಒಂದ್ ಮಾತೂ ಕೇಳ್ದೆ ಹೊರಟ್ಬಿಡ್ತೀರಾ?"

ಕನ್ನಡದಲ್ಲಿ ಮಾತಾಡೇ, ಮಾತಾಡೇ ಎಂದು ಇಷ್ಟು ವರ್ಷ ನಾನು ಗೋಗರೆದದ್ದು ಇದನ್ನು ಕೇಳಿಸಿಕೊಳ್ಳಲಿಕ್ಕಾ?