ಯಾರಿಗೂ ಬೇಡವಾದ ನಾಯಿಗಳು

ನಮ್ಮ ಕಣಿವೆಯಲ್ಲಿ ಮಾ ದಲ್‌ಸು ಮಾಂಸಕ್ಕಾಗಿ ನಾಯಿ ಸಾಕುತ್ತಿದ್ದ. ನಮಗೆ ಅದರಲ್ಲಿ ವಿಶೇಷವೇನೂ ಕಂಡಿರಲಿಲ್ಲ. ಬೇಸಿಗೆಯ ಉರಿಗೆ ಮೈ ಸೋತಾಗ ನಮ್ಮ ಅಪ್ಪಂದಿರು ನಾಯಿಮಾಂಸದ ಸಾರು ಕುಡಿದೇ ಗದ್ದೆಗೆ ಇಳಿಯುತ್ತಿದ್ದರು. ದಲ್‌ಸುವಿನ ಮಗಳು ಯೂನ್‌ಜು ಮಾತ್ರ ಅಪ್ಪನ ಕಸುಬಿಗೆ ನಾಚಿ, ರಾಜಧಾನಿ ಸೋಲ್‌ನಲ್ಲಿ ಪುಟ್ಟ ನಾಯಿಯೊಂದನ್ನು ಸಾಕಿಕೊಂಡು, ಊರ ಕಡೆ ಬರುವುದನ್ನೇ ಬಿಟ್ಟಿದ್ದಳು.

ಆಮೇಲೆ ಕಾನೂನು ಬಂತು. ಕೆಲವೇ ವರ್ಷಗಳಲ್ಲಿ ಈ ವ್ಯಾಪಾರ ಪೂರ್ತಿ ನಿಲ್ಲಬೇಕಂತೆ. ಸಾರಿನ ಹೋಟೆಲುಗಳು ಮುಚ್ಚಿದವು. ಕೊಳ್ಳುವವರು ಬರಲಿಲ್ಲ. ಹೋಟೆಲುಗಳಿಂದ ನಾಯಿಗಳಿಗೆ ಸಿಗುತ್ತಿದ್ದ ಎಂಜಲೂ ನಿಂತುಹೋಯಿತು.

ಪ್ರಾಣಿದಯಾ ಸಂಘದವರು ಬಂದು, ನೆಲದಿಂದ ಎತ್ತರಕ್ಕಿದ್ದ ತಂತಿ ಪಂಜರಗಳ ಮುಂದೆ ಅತ್ತರು. ಮರಿಗಳನ್ನು ಎತ್ತಿಕೊಂಡರು. ದೊಡ್ಡವನ್ನು ಏನು ಮಾಡಲಿ ಎಂದು ದಲ್‌ಸು ಕೇಳಿದ್ದಕ್ಕೆ, ತಮ್ಮಲ್ಲಿ ಜಾಗವಿಲ್ಲವೆಂದು ತಲೆಬಾಗಿಸಿ ಹೊರಟುಹೋದರು.

ಅವನು ತನ್ನ ಅನ್ನವನ್ನೇ ನೀರಿಗೆ ಕಲಸಿ ಹಾಕತೊಡಗಿದ. ಎಷ್ಟಕ್ಕೆ ಸಾಲುತ್ತದೆ? ಹಸಿದ ನಾಯಿಗಳು ಪಂಜರದೊಳಗೇ ಒಂದನ್ನೊಂದು ಕಚ್ಚತೊಡಗಿದವು. ಕೊನೆಗೆ ಮಗಳಿಗೆ ಫೋನು ಮಾಡಿದ.

ಯೂನ್‌ಜು ಬಂದು, ಮೂಗಿಗೆ ಕರವಸ್ತ್ರ ಹಿಡಿದು ನಿಂತಳು.

"ಅಪ್ಪ, ಇವನ್ನ ಒಂದು ದಿನವಾದ್ರೂ ನೆಲಕ್ಕೆ ಬಿಟ್ಟಿದ್ದೀಯಾ?"

"ಹಂದಿ ಸಾಕೋರು ಬಿಡ್ತಾರೇನಮ್ಮ? ನಾನೂ ಹಾಗೇ ಸಾಕಿದೆ. ಈಗ ಒಂದನ್ನಾದ್ರೂ ಕರ್ಕೊಂಡು ಹೋಗು."

"ನಮ್ಮ ಅಪಾರ್ಟ್‌ಮೆಂಟಲ್ಲಿ ಇಷ್ಟು ದೊಡ್ಡ ನಾಯಿ ಬಿಡಲ್ಲ."

"ಬಿಟ್ಟಿದ್ರೆ ಒಯ್ತಿದ್ದೆಯಾ?"

ಅವಳು ಕರವಸ್ತ್ರ ಮಡಚಿ ಚೀಲಕ್ಕೆ ಹಾಕಿಕೊಂಡಳು. ಸಂಜೆಯ ಬಸ್ಸಿಗೆ ಹೋದಳು.

ಬೇರೆ ದಾರಿ ಕಾಣದೆ ದಲ್‌ಸು ಪಶುವೈದ್ಯರನ್ನು ಕರೆಸಿದ. ಸಾವಿನ ಸೂಜಿ ಚುಚ್ಚುವಾಗ ನಾಯಿಗಳನ್ನು ಹಿಡಿದುಕೊಳ್ಳಲು ಪಕ್ಕದ ಮನೆಯ ನನ್ನನ್ನೂ ಕರೆದ. ಮೊದಲ ನಾಯಿಯನ್ನು ಹೊರಗೆ ಇಳಿಸಿದೆವು. ಹುಟ್ಟಿದಾಗಿನಿಂದ ತಂತಿಯ ಮೇಲೇ ನಿಂತ ಕಾಲುಗಳು ಮಣ್ಣಿನ ಮೇಲೆ ನಡುಗಿದವು. ಅದು ದಲ್‌ಸುವಿನ ಕೈ ನೆಕ್ಕುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ನಾಲಿಗೆ ನಿಂತಿತು.

ವೈದ್ಯರು ಎರಡನೆಯದಕ್ಕೆ ಔಷಧ ತುಂಬಿಕೊಳ್ಳುತ್ತಿದ್ದಾಗ ಅವನು ಅವರ ಮಣಿಕಟ್ಟು ಹಿಡಿದ.

"ಸಾಕು ಡಾಕ್ಟ್ರೇ. ತಿನ್ನೋರಿಗೋಸ್ಕರ ಜೀವಮಾನವೆಲ್ಲ ಕೊಂದಿದ್ದೀನಿ. ಯಾರಿಗೂ ಬೇಡ ಅಂತ ಹೇಗೆ ಕೊಲ್ಲಲಿ?"

ವೈದ್ಯರು ಚೀಲ ಕಟ್ಟಿಕೊಂಡು ಹೋದರು. ಸತ್ತ ನಾಯಿಯನ್ನು ನಾವಿಬ್ಬರೇ ಗುಡ್ಡದಲ್ಲಿ ಹೂತೆವು. ತಾನು ಸಾಕಿದ ನಾಯಿಗೆ ಅವನು ಗುಂಡಿ ತೋಡಿದ್ದು ಅದೇ ಮೊದಲು.

ಆ ಚಳಿಗಾಲ ಹಸಿವಿಗೇ ಎಷ್ಟೋ ಸತ್ತವು. ಉಳಿದವನ್ನು ಸರ್ಕಾರದ ಲಾರಿ ಬಂದು ಒಯ್ದಿತು. ವಾರ ಕಳೆದು ದಲ್‌ಸು ಕಚೇರಿಗೆ ಹೋಗಿ, ಅವು ಎಲ್ಲಿವೆ ಎಂದು ವಿಚಾರಿಸಿದ.

"ವ್ಯವಸ್ಥೆ ಆಗಿದೆ, ಅಜ್ಜ" ಎಂದರಂತೆ.

ಯಾವ ವ್ಯವಸ್ಥೆ ಎಂದು ಕೇಳುವ ಧೈರ್ಯ ಅವನಿಗೆ ಬರಲಿಲ್ಲ.