ವಿಷ್ಣುಮೂರ್ತಿ ಮಾಸ್ಟ್ರ ಎರಡು ನಿಯಮ

ಕಾಪುವಿಗೆ ಸಮೀಪದ ಒಂದು ಹೈಸ್ಕೂಲಿನಲ್ಲಿ ವಿಷ್ಣುಮೂರ್ತಿ ಮಾಸ್ಟ್ರು ಇಪ್ಪತ್ತಮೂರು ವರ್ಷ ಡ್ರಿಲ್ ಮಾಸ್ಟ್ರಾಗಿದ್ದರು. ಉಡುಪಿಯ ರಥಬೀದಿಯ ಹಿಂದಿನ ಓಣಿಯಲ್ಲಿ ಅವರ ಮನೆ. ತಂದೆಯವರು ಮಠದ ಪಾಕಶಾಲೆಯಲ್ಲಿ ದುಡಿದವರು. ಅಣ್ಣಂದಿರಿಬ್ಬರೂ ಪೌರೋಹಿತ್ಯ ಹಿಡಿದರು. ಕಿರಿಯವರಾದ ಇವರು ಮಾತ್ರ ಮೈದಾನದ ದಾರಿ ಹಿಡಿದರು. "ನಮ್ಮಲ್ಲಿ ಎಲ್ಲರ ಕೊರಳಲ್ಲೂ ಜನಿವಾರ ಉಂಟು, ಇವನಿಗೆ ಮಾತ್ರ ಅದರ ಮೇಲೊಂದು ವಿಸಿಲ್" ಎಂದು ದೊಡ್ಡಣ್ಣ ಬಂದವರೊಡನೆ ಹೇಳಿ ನಗುವುದಿತ್ತು. ಮಾಸ್ಟ್ರೂ ನಗುತ್ತಿದ್ದರು. ಬೆಳಗ್ಗೆ ಏಳೂವರೆಯ ಬಸ್ಸು ಹಿಡಿದು ಶಾಲೆಗೆ ಬಂದರೆ, ಸಂಜೆ ಮೈದಾನದ ಕೊನೆಯ ಹುಡುಗಿ ಮನೆಗೆ ಹೊರಟ ಮೇಲೆಯೇ ಅವರು ಹೊರಡುತ್ತಿದ್ದುದು.

ಹುಡುಗಿ ಎಂದು ಬರೆದದ್ದಕ್ಕೆ ಕಾರಣವಿದೆ. ದೊಡ್ಡವರಾದ ಹುಡುಗಿಯರನ್ನು ಮೈದಾನಕ್ಕೆ ಕಳುಹಿಸಲು ಹೆತ್ತವರು ಹಿಂಜರಿಯುತ್ತಿದ್ದ ಕಾಲವದು. ಮಾಸ್ಟ್ರು ಮನೆಮನೆಗೆ ಹೋಗಿ ಕೇಳಿಕೊಂಡು ತ್ರೋಬಾಲ್ ತಂಡ ಕಟ್ಟಿದರು. ಆಚೆಯವರು ಬಲೆಯ ಮೇಲಿಂದ ಎಸೆದ ಚೆಂಡನ್ನು ಎರಡೂ ಅಂಗೈಗಳಲ್ಲಿ ಶುದ್ಧವಾಗಿ ಹಿಡಿದು, ತಡಮಾಡದೆ ಒಂದೇ ಕೈಯಲ್ಲಿ ಮರಳಿ ಆಚೆಗೆ ಎಸೆಯುವ ಆಟ. ಚೆಂಡು ಕೈಯಲ್ಲಿ ಜಾರಬಾರದು, ಮೈಗೆ ತಾಗಬಾರದು. ಜಾರಿತೋ ತಾಗಿತೋ ಎಂಬುದು ಅನೇಕ ಸಲ ಹಿಡಿದವಳಿಗಲ್ಲದೆ ಬೇರೆ ಯಾರಿಗೂ ತಿಳಿಯುವಂತಿಲ್ಲ.

ಆದ್ದರಿಂದ ಮಾಸ್ಟ್ರು ಎರಡು ನಿಯಮ ಮಾಡಿದ್ದರು. ತಪ್ಪಾದರೆ, ರೆಫರಿ ನೋಡಲಿ ಬಿಡಲಿ, ಆಡುವವಳೇ ಕೈ ಎತ್ತಬೇಕು, ಇದು ಮೊದಲನೆಯದು. ರೆಫರಿ ತೀರ್ಮಾನ ಹೇಳಿದ ಮೇಲೆ ಯಾರೂ ತುಟಿ ಬಿಚ್ಚಬಾರದು, ಇದು ಎರಡನೆಯದು. ಈ ಎರಡು ನಿಯಮಗಳು ಒಂದು ದಿನ ಒಂದಕ್ಕೊಂದು ಎದುರಾಗಿ ನಿಂತಾವು ಎಂದು ಮೊದಲ ಹದಿನಾಲ್ಕು ವರ್ಷಗಳಲ್ಲಿ ಅವರಿಗೆ ಒಮ್ಮೆಯೂ ತೋಚಿರಲಿಲ್ಲ.

ವಾರಿಜಾ ಅವರ ತಂಡಕ್ಕೆ ಬಂದದ್ದು ಎಂಟನೆಯ ತರಗತಿಯಲ್ಲಿ. ತಂದೆ ಬೂಬಣ್ಣ ದೋಣಿಗೆ ಹೋಗುವವರು, ತಾಯಿ ಕಮಲಕ್ಕ ಮೀನು ಮಾರುವವರು. ಮಗಳನ್ನು ಆಟಕ್ಕೆ ಕಳುಹಿಸಿರೆಂದು ಮಾಸ್ಟ್ರು ಕೇಳಲು ಹೋದಾಗ ಕಮಲಕ್ಕ, "ಕಳಿಸ್ತೇನೆ ಮಾಸ್ಟ್ರೇ. ತುಂಬಿದ ಬುಟ್ಟಿ ಹಿಡಿದು ಅಭ್ಯಾಸ ಆದ ಕೈ, ನಿಮ್ಮ ಚೆಂಡು ಬೀಳಿಸ್ಲಿಕ್ಕಿಲ್ಲ" ಎಂದಿದ್ದರು. ಮಾತು ಸುಳ್ಳಾಗಲಿಲ್ಲ. ಮತ್ತೊಂದು ವಿಶೇಷವೆಂದರೆ, ಅಭ್ಯಾಸದ ಆಟದಲ್ಲಿ ಬೇರೆ ಹುಡುಗಿಯರು ಕೈ ಎತ್ತಲು ಅತ್ತಿತ್ತ ನೋಡುತ್ತಿದ್ದರೆ, ಇವಳ ಕೈ ಚೆಂಡು ಜಾರಿದ ಗಳಿಗೆಯಲ್ಲೇ ಮೇಲೇರುತ್ತಿತ್ತು. ಮಾಸ್ಟ್ರು ಇತರರಿಗೆ ಅವಳನ್ನೇ ತೋರಿಸುತ್ತಿದ್ದರು.

ಸಾವಿರದ ಒಂಬೈನೂರ ಎಪ್ಪತ್ತೇಳರಲ್ಲಿ, ವಾರಿಜಾ ಒಂಬತ್ತನೆಯ ತರಗತಿಯಲ್ಲಿದ್ದಾಗ, ತಂಡವು ತಾಲೂಕು ಫೈನಲಿಗೆ ಬಂದಿತು. ಪಂದ್ಯ ಉಡುಪಿಯಲ್ಲಿ, ಎದುರಾಳಿಗಳು ಪೇಟೆಯ ಶಾಲೆಯ ಹುಡುಗಿಯರು. ರೆಫರಿಯಾಗಿ ಕಾರ್ಕಳದಿಂದ ಬಂದವರು ಅಲೋಶಿಯಸ್ ಮಾಸ್ಟ್ರು, ವಿಷ್ಣುಮೂರ್ತಿಯವರ ಹಳೆಯ ಸ್ನೇಹಿತರು. ಮುಖ್ಯೋಪಾಧ್ಯಾಯರಾದ ಅನಂತಪದ್ಮನಾಭ ರಾಯರೂ ಬಂದು ಮಾಸ್ಟ್ರ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದರು. ಶಾಲೆ ಅದುವರೆಗೆ ಒಂದು ಕಪ್ಪನ್ನೂ ಗೆದ್ದಿರಲಿಲ್ಲ. ಡ್ರಿಲ್ ಪೀರಿಯಡ್ಡನ್ನು ತೆಗೆದು ಗಣಿತಕ್ಕೆ ಕೊಟ್ಟರಾಗದೇ ಎಂದು ರಾಯರು ಎರಡು ವರ್ಷಗಳಿಂದ ಹೇಳುತ್ತ ಬಂದಿದ್ದರು.

ಮೂರನೆಯ, ಕೊನೆಯ ಆಟದಲ್ಲಿ ವಾರಿಜಾಳ ತಂಡಕ್ಕೆ ಹದಿನಾಲ್ಕು ಅಂಕ, ಆಚೆಯವರಿಗೆ ಹದಿಮೂರು; ಹದಿನೈದಾದರೆ ಗೆಲುವು. ಸರ್ವಿಸ್ ಇವರದೇ, ಸರ್ವಿಸ್ ಇದ್ದವರಿಗೆ ಮಾತ್ರ ಅಂಕ. ಆಚೆಯಿಂದ ರಭಸವಾಗಿ ಬಂದ ಚೆಂಡನ್ನು ವಾರಿಜಾ ಬಾಗಿ ಹಿಡಿದು ಎಸೆದಳು. ಅದು ಎದುರಿನ ಅಂಕಣದ ಖಾಲಿ ಮೂಲೆಗೆ ಬಿತ್ತು. ಹುಡುಗಿಯರು ಕುಣಿದಾಡಿದರು. ನಡುವೆ ವಾರಿಜಾ ಕೈ ಎತ್ತಿಕೊಂಡು ನಿಂತಿದ್ದಳು.

"ಎಂತ ಮಗಾ?" ಎಂದು ಅಲೋಶಿಯಸ್ ಮಾಸ್ಟ್ರು ಕೇಳಿದರು.

"ಹಿಡಿಯುವಾಗ ಭುಜಕ್ಕೆ ತಾಗಿತ್ತು ಸರ್."

"ನಾನು ನೋಡಲಿಲ್ಲ. ವಿಸಿಲ್ ಊದಲಿಲ್ಲ. ಪಾಯಿಂಟ್ ಕೊಟ್ಟು ಆಯ್ತು."

ಪೇಟೆಯ ಶಾಲೆಯ ಪುಷ್ಪಾವತಿ ಟೀಚರ್ ಎದ್ದು ಬಂದರು. "ಹುಡುಗಿಯೇ ಹೇಳ್ತಾಳಲ್ಲ ಸರ್, ಇನ್ನೆಂತ ಸಾಕ್ಷಿ ಬೇಕು ನಿಮಗೆ?"

ಮಾತಿಗೆ ಮಾತು ಬೆಳೆಯಿತು, ಜನ ಗೆರೆಯೊಳಗೆ ಬಂದರು. ಕೊನೆಗೆ ಅಲೋಶಿಯಸ್ ಮಾಸ್ಟ್ರು ಗೆಳೆಯನ ಕಡೆಗೆ ತಿರುಗಿದರು. "ವಿಷ್ಣುಮೂರ್ತಿ, ನೀವೇ ಹೇಳಿ. ನಿಮ್ಮ ಹುಡುಗಿ. ಸರ್ವಿಸ್ ಆಚೆಗೆ ಕೊಡುವುದಾ?"

ಒಪ್ಪಿಕೊಂಡಿದ್ದರೆ ಸೋಲೇನೂ ಆಗುತ್ತಿರಲಿಲ್ಲ. ಸರ್ವಿಸ್ ಮಾತ್ರ ಆಚೆಗೆ ಹೋಗಿ ಆಟ ಮುಂದುವರಿಯುತ್ತಿತ್ತು. ಮಾಸ್ಟ್ರು ಬಾಯಿ ತೆರೆಯುವಷ್ಟರಲ್ಲಿ ರಾಯರು ಕುಳಿತಲ್ಲಿಂದಲೇ ಮೆಲ್ಲಗೆ ಅಂದರು: "ರೆಫರಿ ಹೇಳಿ ಆಯ್ತಲ್ಲ ಮಾಸ್ಟ್ರೇ. ನಿಮಗೆ ಎಂತ ಹೇಳ್ಲಿಕ್ಕುಂಟು?"

ಮಾಸ್ಟ್ರು ನೆಲ ನೋಡುತ್ತ, "ರೆಫರಿ ಹೇಳಿದ್ದೇ ಕೊನೆ" ಎಂದರು.

ವಾರಿಜಾಳ ಕೈ ಆಗಲೂ ಮೇಲೆಯೇ ಇತ್ತು. ತಂಡದ ನಾಯಕಿ ಚಂಪಾ ಅದನ್ನು ಹಿಡಿದು ಕೆಳಗಿಳಿಸಿದಳು.

ಬಸ್ಸಿನಲ್ಲಿ ಚಂಪಾಳ ಮಡಿಲಲ್ಲಿ ಕಪ್ಪಿತ್ತು. ಉದ್ಯಾವರ ದಾಟುವವರೆಗೂ ಹಾಡು. ವಾರಿಜಾ ಕೊನೆಯ ಸೀಟಿನಲ್ಲಿ ಕುಳಿತು ಕಿಟಕಿಯ ಹೊರಗೆ ನೋಡುತ್ತಿದ್ದಳು. ಮರುದಿನ ಅಸೆಂಬ್ಲಿಯಲ್ಲಿ ರಾಯರು ಗಣಿತದ ಮಾತೆತ್ತದೆ ಮೈದಾನವನ್ನು ಹೊಗಳಿದರು. ವಾರಿಜಾ ಮೂರು ದಿನ ಅಭ್ಯಾಸಕ್ಕೆ ಬರಲಿಲ್ಲ.

ನಾಲ್ಕನೆಯ ದಿನ ಮಾಸ್ಟ್ರು ಅವಳ ಮನೆಗೆ ಹೋದರು. ಕಮಲಕ್ಕ, "ಕಾಲು ನೋವಂತೆ. ನನಗೆ ಕಾಣುವುದಿಲ್ಲಪ್ಪ ಅಂಥ ನೋವು" ಎಂದು ಹೇಳಿ ಒಳಗೆ ಹೋದರು. ವಾರಿಜಾ ಬಾಗಿಲಿಗೆ ಒರಗಿ ನಿಂತಳು.

"ಜಿಲ್ಲಾ ಫೈನಲಿಗೆ ಇನ್ನು ಹತ್ತು ದಿನ. ನೀನಿಲ್ಲದೆ ಹೇಗೆ ಮಗಾ?"

"ಬರ್ತೇನೆ ಸರ್. ಒಂದು ಮಾತು ಹೇಳಿ, ಸಾಕು. ಕೈ ಎತ್ತಬೇಕಾ, ಬೇಡವಾ?"

ಇಷ್ಟು ನೇರವಾದ ಪ್ರಶ್ನೆಗೆ ಉತ್ತರ ಹೇಳುವುದು ಮಾಸ್ಟ್ರ ಕೆಲಸ. ಅವರು ಹೇಳಿದ್ದು ಇಷ್ಟೇ: "ಅಲ್ಲಿ ರೆಫರಿ ಇರ್ತಾರಲ್ಲ. ನೋಡುವ."

"ಆಯ್ತು ಸರ್" ಎಂದಳು ಅವಳು.

ಆ ಹತ್ತು ದಿನ ಮಾಸ್ಟ್ರು ಅವಳಿಗೆ ಸರಿಯಾದ ಉತ್ತರ ಕೊಡಬೇಕೆಂದು ದಿನವೂ ಅಂದುಕೊಳ್ಳುತ್ತಿದ್ದರು. ಕೊಟ್ಟರೆ, ಉಡುಪಿಯಲ್ಲಿ ತಾನು ಮಾಡಿದ್ದು ತಪ್ಪೆಂದು ಹೇಳಿದಂತೆ. ಅದನ್ನು ಒಂಬತ್ತನೆಯ ತರಗತಿಯ ಹುಡುಗಿಯ ಮುಂದೆ ಹೇಳುವುದು ಹೇಗೆ? ಹೀಗೆ ದಿನಗಳು ಕಳೆದವು.

ಜಿಲ್ಲಾ ಫೈನಲ್ ಮಣಿಪಾಲದಲ್ಲಿ. ಎದುರು ಕಾರ್ಕಳ ತಾಲೂಕಿನ ತಂಡ. ಪೇಟೆಯ ಶಾಲೆಯ ಹುಡುಗಿಯರೂ ನೋಡಲು ಬಂದಿದ್ದರು. ಇವರು ಅಂಕಣಕ್ಕಿಳಿಯುವಾಗ, "ಬಂದರು ನೋಡಿ, ಕಳ್ಳ ಕಪ್ಪಿನವರು" ಎಂದು ಯಾರೋ ಅಂದದ್ದು ಮಾಸ್ಟ್ರ ಕಿವಿಗೆ ಬಿತ್ತು. ಮೊದಲನೆಯ ಆಟ ಕೈತಪ್ಪಿತು. ಎರಡನೆಯದರಲ್ಲಿ ಇವರಿಗೆ ಹದಿಮೂರು, ಆಚೆಯವರಿಗೆ ಹದಿನಾಲ್ಕು, ಸರ್ವಿಸೂ ಆಚೆಯವರದೇ. ಚೆಂಡು ವಾರಿಜಾಳ ಕಡೆಗೆ ಬಂತು. ಹಿಡಿಯುವಾಗ ಅಂಗೈಯಿಂದ ಜಾರಿ, ಗುಲಗಂಜಿಯಷ್ಟು ಹಾರಿ, ಮತ್ತೆ ಹಿಡಿತಕ್ಕೆ ಸಿಕ್ಕಿತು. ರೆಫರಿ ಎಲಿಜಬೆತ್ ಟೀಚರಿಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಮಾಸ್ಟ್ರಿಗೆ ಸ್ಪಷ್ಟವಾಗಿ ಕಂಡಿತು.

ವಾರಿಜಾ ಚೆಂಡು ಎಸೆದಳು. ಎಸೆದು, ಮಾಸ್ಟ್ರ ಕಡೆ ನೋಡಿದಳು.

ಅಷ್ಟರಲ್ಲಿ ಅವರು ಎದ್ದಾಗಿತ್ತು. ಗೆರೆ ದಾಟಿ ನೆಟ್ಟಗೆ ರೆಫರಿಯ ಬಳಿಗೆ ಹೋಗಿ, ಎಲ್ಲರಿಗೂ ಕೇಳುವಂತೆ ಹೇಳಿದರು: "ಟೀಚರ್, ಆಟ ನಿಲ್ಲಿಸಿ. ನಮ್ಮ ಹುಡುಗಿಯ ಕೈಯಲ್ಲಿ ಚೆಂಡು ಜಾರಿತು. ನಾನೇ ನೋಡಿದೆ."

ಎಲಿಜಬೆತ್ ಟೀಚರ್ ಒಂದು ಗಳಿಗೆ ತಬ್ಬಿಬ್ಬಾದರು. ತನ್ನ ತಂಡಕ್ಕೆ ವಿರುದ್ಧವಾಗಿ ಸಾಕ್ಷಿ ಹೇಳುವ ಮಾಸ್ಟ್ರನ್ನು ಅವರು ಕಂಡಿರಲಿಲ್ಲ. ಬಳಿಕ ವಿಸಿಲ್ ಊದಿ ಅಂಕವನ್ನು ಆಚೆಗೆ ಕೊಟ್ಟರು. ಅಲ್ಲಿಗೆ ಪಂದ್ಯ ಮುಗಿಯಿತು. ಜನ ಚಪ್ಪಾಳೆ ತಟ್ಟಿದರು. ಕಾರ್ಕಳದ ಹುಡುಗಿಯರಿಗೆ ತಟ್ಟಿದ್ದಲ್ಲ, ಮಾಸ್ಟ್ರಿಗೆ ತಟ್ಟಿದ್ದು. ಚಪ್ಪಾಳೆಯ ನಡುವೆ ಒಂದು ಹೆಣ್ಣುದನಿ ಕೇಳಿತು: "ಮಾಸ್ಟ್ರು ಹೇಳಬೇಕಾಯ್ತು. ಆ ಹುಡುಗಿಗೆ ಬಾಯಿಲ್ವಾ?"

ಚಂಪಾ ಎಲ್ಲರೆದುರಿಗೇ ವಾರಿಜಾಳಿಗೆ, "ಬೇಡದ ಕಡೆ ಎತ್ತಿದಿ, ಬೇಕಾದ ಕಡೆ ಎತ್ತಲಿಲ್ಲ. ನಿನ್ನ ಕೈಗೆ ಎಂತ ಬಂದಿದೆ ಮಾರಾಯ್ತಿ?" ಎಂದಳು.

ವಾರಿಜಾ ಎದೆಗೆ ಹೊಲಿದಿದ್ದ ನಂಬರಿನ ಬಟ್ಟೆಯ ನೂಲನ್ನು ಉಗುರಿನಿಂದ ಕಿತ್ತು ಬಿಚ್ಚಿ, ಮಡಚಿ, ಮಾಸ್ಟ್ರ ಕುರ್ಚಿಯ ಮೇಲಿಟ್ಟಳು. ಆ ಮೇಲೆ ಅವಳು ಎಸ್ಸೆಸ್ಸೆಲ್ಸಿ ಮುಗಿಸುವವರೆಗೂ ಶಾಲೆಗೆ ಬಂದಳು, ಮಾಸ್ಟ್ರಿಗೆ ದಿನವೂ ನಮಸ್ಕಾರ ಹೇಳಿದಳು, ಮೈದಾನಕ್ಕೆ ಮಾತ್ರ ಕಾಲಿಡಲಿಲ್ಲ. ಮಾಸ್ಟ್ರು ಕಾರಣ ಕೇಳಲಿಲ್ಲ. ಕೇಳುವ ಧೈರ್ಯ ಬರಲಿಲ್ಲ.

ಮಾಸ್ಟ್ರ ಪ್ರಾಮಾಣಿಕತೆಯ ಬಗ್ಗೆ ಪತ್ರಿಕೆಯೊಂದರಲ್ಲಿ ನಾಲ್ಕು ಸಾಲು ಬಂತು. ಶಿಕ್ಷಣ ಇಲಾಖೆಯಿಂದ ಪ್ರಶಂಸಾಪತ್ರ ಬಂತು. ಸೋತ ಸಂಜೆ ಬಸ್ಸಿನಲ್ಲಿ ಮಾಸ್ಟ್ರೊಡನೆ ಒಂದು ಮಾತೂ ಆಡದಿದ್ದ ರಾಯರು ಅದಕ್ಕೆ ಗಾಜು ಹಾಕಿಸಿ ತಮ್ಮ ಕೋಣೆಯ ಗೋಡೆಗೆ ತೂಗಿಸಿದರು. ಬಂದವರೆಲ್ಲ ಅದನ್ನು ಓದಿ ಮಾಸ್ಟ್ರನ್ನು ಹೊಗಳುವರು. ಆ ಕೋಣೆಗೆ ಹೋಗಬೇಕಾದಾಗಲೆಲ್ಲ ಮಾಸ್ಟ್ರು ಬಾಗಿಲಲ್ಲೇ ನಿಂತು ಮಾತು ಮುಗಿಸುತ್ತಿದ್ದರು.

ಎಂಬತ್ತಾರರಲ್ಲಿ ಅವರಿಗೆ ನಿವೃತ್ತಿಯಾಯಿತು. ಬೀಳ್ಕೊಡುಗೆಯ ಸಭೆಯಲ್ಲಿ ಅಲೋಶಿಯಸ್ ಮಾಸ್ಟ್ರು ಮಣಿಪಾಲದ ಕಥೆಯನ್ನೇ ಎತ್ತಿಕೊಂಡು ಮಾತಾಡಿದರು. ಆಗ ವಿಷ್ಣುಮೂರ್ತಿ ಮಾಸ್ಟ್ರು ಎದ್ದು ನಿಂತು, ಉಡುಪಿಯ ಪಂದ್ಯದಿಂದ ಮೊದಲುಗೊಂಡು ನಡೆದುದನ್ನೆಲ್ಲ ಒಂದೂ ಬಿಡದೆ ಹೇಳಿದರು. ಅಲೋಶಿಯಸ್ ಮಾಸ್ಟ್ರು ನಕ್ಕುಬಿಟ್ಟರು. "ಆ ತೀರ್ಮಾನ ನನ್ನದು ಮಾರಾಯ್ರೆ. ಅದರಲ್ಲಿ ನಿಮ್ಮದೆಂತ ತಪ್ಪು?" ಎಂಥ ವಿನಯವೆಂದು ಸಭೆ ಚಪ್ಪಾಳೆ ತಟ್ಟಿತು.

ಮುಂದಿನ ಭಾನುವಾರ ಅವರು ಉದ್ಯಾವರದಲ್ಲಿ ಬಸ್ಸಿಳಿದು ವಾರಿಜಾಳ ಗಂಡನ ಮನೆ ಕೇಳಿಕೊಂಡು ಹೋದರು. ಗಂಡ ಲೀಲಾಧರ ದೋಣಿಗೆ ಹೋಗಿದ್ದ. ಅವಳು ಅಂಗಳದಲ್ಲಿ ಸಿಗಡಿ ಒಣಗಲು ಹರವುತ್ತಿದ್ದಳು. ಕೈ ತೊಳೆದು ಬಂದು, ಸ್ಟೂಲು ತಂದಿಟ್ಟಳು.

"ನಮ್ಮ ಮನೆಯಲ್ಲಿ ನೀವು ಎಂತ ಕುಡಿಯುತ್ತೀರಿ ಸರ್? ಮರದಿಂದ ಬೊಂಡ ಕೊಯ್ಯಿಸಲಾ?"

"ಎಂತದೂ ಬೇಡ ಮಗಾ. ಉಡುಪಿಯಲ್ಲಿ ನಾನು ನಿನ್ನ ಪರ ಮಾತಾಡಬೇಕಿತ್ತು. ಮಾತಾಡಲಿಲ್ಲ. ಅದನ್ನು ಸರಿಮಾಡಲಿಕ್ಕೆ ಹೋಗಿ ಮಣಿಪಾಲದಲ್ಲಿ ನಿನ್ನನ್ನು ಜನರ ಮುಂದೆ ನಿಲ್ಲಿಸಿದೆ. ಇದನ್ನು ಹೇಳ್ಲಿಕ್ಕೆ ಬಂದೆ."

ವಾರಿಜಾ ಸಿಗಡಿಯ ಮೇಲೆ ಬಂದು ಕೂತ ಕಾಗೆಯನ್ನು ಓಡಿಸಿ ಬಂದಳು.

"ಮಣಿಪಾಲದಲ್ಲಿ ನೀವು ಹೇಳಿದ್ದು ಸತ್ಯವೇ ಸರ್. ಚೆಂಡು ಜಾರಿದ್ದು ಹೌದು. ಆದರೆ ಎಸೆದ ಕೂಡಲೆ ನಾನು ನಿಮ್ಮ ಕಡೆ ನೋಡಿದೆ. ಎತ್ತಲಾ ಅಂತ ಕೇಳ್ಲಿಕ್ಕೆ ನೋಡಿದ್ದು. ನೀವು ಒಂದು ಸಲ ಹೌದೆಂದು ತಲೆ ಆಡಿಸಿದ್ದರೆ ಸಾಕಿತ್ತು, ನಾನೇ ಎತ್ತುತ್ತಿದ್ದೆ. ನೀವು ರೆಫರಿಯ ಹತ್ತಿರ ಹೋದಿರಿ."

ಮಾಸ್ಟ್ರಿಗೆ ಆ ನೋಟ ನೆನಪಿತ್ತು. ಕದ್ದವಳು ಸಿಕ್ಕಿಬಿದ್ದಾಗ ನೋಡುವ ನೋಟವೆಂದು ಅದನ್ನು ಒಂಬತ್ತು ವರ್ಷ ತಿಳಿದುಕೊಂಡಿದ್ದರು.

"ನಿನ್ನನ್ನು ಕೇಳಬೇಕಿತ್ತು" ಎಂದರು ಅವರು.

"ಹೌದು ಸರ್, ಕೇಳಬೇಕಿತ್ತು" ಎಂದಳು ವಾರಿಜಾ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಪರವಾಗಿಲ್ಲ ಎಂಬ ಮಾತೂ ಅವಳ ಬಾಯಿಂದ ಬರಲಿಲ್ಲ.